ಮೇವು ಬಿಟ್ಟ ಮಗು

ಜಂಗಮಕೋಟೆಯ ಹಾಲಿನ ಡೇರಿ ಮುಂದೆ ಬೆಳಗ್ಗೆ ಕ್ಯಾನು ಹಿಡಿದು ನಿಂತವರಿಗೆಲ್ಲ ಆವತ್ತಿನ ಸುದ್ದಿ ಪುಕ್ಕಟೆ. ಪೇಪರು ಓದುವವರು ಜಯರಾಮಪ್ಪ. ಬರೀ ಓದಿ ಮುಗಿಸುವ ಪೈಕಿ ಅಲ್ಲ ಅವರು, ಪ್ರತಿ ಸುದ್ದಿಗೂ ತಮ್ಮದೊಂದು ಒಗ್ಗರಣೆ ಬೀಳಲೇಬೇಕು. ಟೊಮೇಟೊ ಬೆಲೆ ಯಾಕೆ ಬಿತ್ತು, ಮೋಡ ಕಟ್ಟಿದ ಮಳೆ ಎಲ್ಲಿಗೆ ಹೋಯಿತು, ಈಗಿನ ಹುಡುಗರಿಗೆ ಯಾಕೆ ಹೃದಯ ನಿಲ್ಲುತ್ತದೆ, ಎಲ್ಲಕ್ಕೂ ಅವರ ಬಳಿ ತೀರ್ಪು ಸಿದ್ಧ. ತೀರ್ಪು ಕೊಡುವಾಗ ಬಲಗೈಯ ತೋರುಬೆರಳು ತಾನಾಗಿ ಮೇಲೇಳುತ್ತಿತ್ತು. ಬೆರಳು ಎದ್ದಿತೆಂದರೆ ಡೇರಿ ಸೆಕ್ರೆಟರಿಯೂ ಬಾಯಿ ಮುಚ್ಚಿಕೊಳ್ಳುತ್ತಿದ್ದ.

ಒಂದು ದಿನ ಪೇಪರಿನಲ್ಲಿ ಮಕ್ಕಳ ಕಾಯಿಲೆಯೊಂದರ ಬಗ್ಗೆ ಬಂದಿತ್ತು. ಕೂತಲ್ಲಿ ಕೂರದ, ಹೇಳಿದ್ದು ಕಿವಿಗೆ ಹಾಕಿಕೊಳ್ಳದ ಮಕ್ಕಳು; ಅದು ಹಟವಲ್ಲ, ಗಮನ ನಿಲ್ಲದ ತೊಂದರೆ, ಅದಕ್ಕೆ ಚಿಕಿತ್ಸೆ ಉಂಟು ಎಂದು ಯಾರೋ ಡಾಕ್ಟರು ಬರೆದಿದ್ದರು. ಬೆರಳು ಎದ್ದಿತು.

"ಗಮನ ನಿಲ್ಲದ ಕಾಯಿಲೆಯಂತೆ! ನಮ್ ಮೇಷ್ಟ್ರು ಹುಣಸೆ ಬರಲು ಹಿಡ್ಕೊಂಡು ಒಳಗೆ ಬಂದ್ರೆ ಈ ಕಾಯಿಲೆ ಬಾಗಿಲಲ್ಲೇ ವಾಸಿ ಆಗೋದು ಕಣ್ರಪ್ಪ. ಮಾತ್ರೆ ಮಾರೋರಿಗೆ ಏನಾದ್ರೂ ಒಂದು ಹೆಸರು ಬೇಕು" ಎಂದರು. ಎಲ್ಲರೂ ನಕ್ಕರು.

ಆ ವರ್ಷ ಮುಗಿಯುವ ಮುಂಚೆಯೇ ಕಾಯಿಲೆ ಅವರ ಮನೆ ಹೊಸ್ತಿಲಿಗೇ ಬಂತು. ಮೊಮ್ಮಗಳು ಚೈತ್ರ, ಎಂಟು ವರ್ಷದವಳು. ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದರೆ ಕೋಳಿ ಹಿಂದೆ, ಕೋಳಿ ಬಿಟ್ಟು ಚಿಟ್ಟೆ ಹಿಂದೆ. ಜಂಗಮಕೋಟೆ ಕ್ರಾಸಿನಲ್ಲಿ ತಾತನ ಕಣ್ಣೆದುರೇ ಹಾಗೇ ಯಾವುದೋ ಚಿಟ್ಟೆ ಹಿಂದೆ ಓಡಿ ಬಸ್ಸಿನ ಮುಂದೆ ನಿಂತಿದ್ದಳು. ಡ್ರೈವರು ಬ್ರೇಕು ಹಾಕದಿದ್ದರೆ ಅಷ್ಟೇ ಕಥೆ. ಮಾರನೇ ದಿನವೇ ಸೊಸೆ ಕವಿತ ಯಾರ ಅಭಿಪ್ರಾಯವನ್ನೂ ಕೇಳದೆ ಮಗಳನ್ನು ಚಿಕ್ಕಬಳ್ಳಾಪುರದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರಮ್ಮ ಎದೆ ಪರೀಕ್ಷೆ ಮಾಡಿಸಿ, ಶಾಲೆಯ ಟೀಚರನ್ನೂ ವಿಚಾರಿಸಿ, ಕೊನೆಗೆ ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು.

ಮಗ ಜಗನ್ ತರಕಾರಿ ಟೆಂಪೋ ಓಡಿಸುವವನು, ಕೋಳಿ ಕೂಗುವ ಮುಂಚೆ ಹೊರಟುಬಿಡುತ್ತಾನೆ. ಕವಿತಳಿಗೆ ಗಾರ್ಮೆಂಟ್ಸ್ ಫ್ಯಾಕ್ಟರಿಯ ಬಸ್ಸು ಹಿಡಿಯುವ ಅವಸರ. ತಮ್ಮ ಹೆಂಡತಿ ತೀರಿಕೊಂಡ ಮೇಲೆ ಮಗುವನ್ನು ಶಾಲೆಗೆ ಕಳಿಸುವ ಕೆಲಸ ಜಯರಾಮಪ್ಪನವರದೇ. "ತಿಂಡಿ ಆದ್ಮೇಲೆ ಒಂದು ಮಾತ್ರೆ ಕೊಡಿ ಮಾವ, ಮರೀಬೇಡಿ" ಎಂದು ಹೇಳಿ ಕವಿತ ಬಸ್ಸಿಗೆ ಓಡುತ್ತಿದ್ದಳು.

ಮೊದಮೊದಲು ಕೊಟ್ಟರು. ಮಗು ಶಾಂತವಾಯಿತು, ಪಾಠ ಬರೆಯಿತು, ಟೀಚರು ಹೊಗಳಿದರು. ಆದರೆ ಶಾಲೆಯ ಊಟದಲ್ಲಿ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾಳೆಂದು ಅಡುಗೆಯವಳು ಹೇಳಿದ ದಿನ ಜಯರಾಮಪ್ಪನವರ ಎದೆ ಝಲ್ಲೆಂದಿತು.

ಈ ದಿಗಿಲು ಪೇಟೆಯವರಿಗೆ ತಿಳಿಯುವುದು ಕಷ್ಟ. ಜೀವಮಾನವೆಲ್ಲ ರೇಷ್ಮೆ ಹುಳು ಸಾಕಿದ ಮನುಷ್ಯ ಅವರು. ಹುಳು ಚೆನ್ನಾಗಿದೆಯೋ ಇಲ್ಲವೋ ಎಂದು ಅವರು ಕಣ್ಣಿಗಿಂತ ಮುಂಚೆ ಕಿವಿಯಿಂದ ತಿಳಿಯುತ್ತಿದ್ದರು. ಸೊಪ್ಪು ಹಾಕಿದ ಮೇಲೆ ಹುಳು ಮನೆಯಲ್ಲಿ ಸಣ್ಣ ಮಳೆ ಬಿದ್ದ ಸದ್ದು ಬರಬೇಕು. ಹಿಂದೊಮ್ಮೆ ಪಕ್ಕದ ದ್ರಾಕ್ಷಿ ತೋಟಕ್ಕೆ ಹೊಡೆದ ಕ್ರಿಮಿನಾಶಕ ಗಾಳಿಯಲ್ಲಿ ತೇಲಿಬಂದು ಇವರ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತಿತ್ತು. ಕಣ್ಣಿಗೆ ಕಾಣಲಿಲ್ಲ, ಮೂಗಿಗೆ ಬಡಿಯಲಿಲ್ಲ. ಹುಳುಗಳು ಮೊದಲು ಮೇವು ಬಿಟ್ಟವು, ಆಮೇಲೆ ತಲೆ ಒದರಿದವು, ಸಂಜೆಗೆ ಅಷ್ಟನ್ನೂ ಗುಂಡಿ ತೋಡಿ ಮುಚ್ಚಬೇಕಾಯಿತು. ಮೇವು ಬಿಟ್ಟ ಜೀವ ಉಳಿಯುವುದಿಲ್ಲ ಎಂಬುದು ಅವರ ಮೂಳೆಯಲ್ಲಿ ಇಳಿದ ಮಾತು.

ಅದರ ಮೇಲೆ ಟಿವಿ. ಎಲ್ಲೋ ಉತ್ತರದ ಕಡೆ ಕೆಮ್ಮಿನ ಔಷಧಿ ಕುಡಿದ ಮಕ್ಕಳು ಸತ್ತ ಸುದ್ದಿ ಬಂತು. ಅದೇ ಬಾಟಲಿ, ಅದೇ ಅಳುವ ತಾಯಿ, ಊಟದ ಹೊತ್ತಿಗೂ ಮಲಗುವ ಹೊತ್ತಿಗೂ. ಆ ಔಷಧಿಗೂ ಈ ಮಾತ್ರೆಗೂ ಏನೇನೂ ಸಂಬಂಧವಿರಲಿಲ್ಲ. ಹೆದರಿದವನಿಗೆ ಸಂಬಂಧ ಯಾಕೆ ಬೇಕು? ಹಗ್ಗವೆಲ್ಲ ಹಾವಾಗಿ ಕಂಡಿತು. ಸಂಜೆ ಗೋಡೆಗೊರಗಿ ಸುಮ್ಮನೆ ಕೂತ ಮೊಮ್ಮಗಳನ್ನು ನೋಡಿದರೆ ಅವರಿಗೆ ಗುಂಡಿ ತೋಡಿ ಮುಚ್ಚಿದ ಹುಳುಗಳೇ ನೆನಪಾಗುತ್ತಿದ್ದವು.

ಒಂದು ಬೆಳಗ್ಗೆ ಮಾತ್ರೆ ಬಿಡಿಸಿಕೊಂಡವರು ಅದನ್ನು ಅಂಗಿ ಜೇಬಿಗೆ ಹಾಕಿಕೊಂಡು, "ಆಯ್ತು, ಹೊರಡಮ್ಮ" ಎಂದುಬಿಟ್ಟರು. ಮಗು ಒಂದು ಕ್ಷಣ ಅವರ ಮುಖ ನೋಡಿ ಚೀಲ ಏರಿಸಿಕೊಂಡು ಹೋಯಿತು. ಮಾತ್ರೆ ಹುಳು ಮನೆಯ ಸುಣ್ಣದ ಡಬ್ಬ ಸೇರಿತು. ಮಾರನೇ ದಿನವೂ ಅದೇ, ಆಮೇಲಿನ ದಿನಗಳೂ ಅದೇ. ಚೈತ್ರ ಮುದ್ದೆ ಕೇಳಿ ಹಾಕಿಸಿಕೊಂಡು ತಿಂದಳು, ಮತ್ತೆ ಕೋಳಿ ಹಿಂದೆ ಓಡಿದಳು. ತಾತನಿಗೆ ಹೋದ ಉಸಿರು ಬಂತು. ಶಾಲೆಯಿಂದ ದೂರು ಬಂದಾಗ ಕವಿತ, "ಮಾತ್ರೆ ಯಾಕೋ ಹಿಡೀತಿಲ್ಲ ಮಾವ" ಎಂದು ಹಣೆ ಒತ್ತಿಕೊಂಡಳು. ಜಯರಾಮಪ್ಪ ಸೊಪ್ಪು ಕತ್ತರಿಸುವ ನೆಪದಲ್ಲಿ ಎದ್ದುಹೋದರು.

ರೇಷ್ಮೆ ಗೂಡು ಬಿಡಿಸಿದ ದಿನ ಶಾಲೆಗೆ ರಜೆ. ಮಗುವನ್ನು ಮನೆಯಲ್ಲಿ ಒಂಟಿಯಾಗಿ ಬಿಡುವ ಹಾಗಿಲ್ಲ. ಗೂಡಿನ ಮೂಟೆಗಳ ಜೊತೆ ಅವಳನ್ನೂ ಶಿಡ್ಲಘಟ್ಟದ ಮಾರುಕಟ್ಟೆಗೆ ಕರೆದೊಯ್ದರು. ಹರಾಜಿನ ಗಲಾಟೆ, ಗೂಡು ಹಿಡಿದು ಅಲುಗಿಸಿ ನೋಡುವ ನೂಲು ತೆಗೆಯುವ ರೀಲರುಗಳು, ಕನ್ನಡ, ತೆಲುಗು, ಉರ್ದು ಎಲ್ಲ ಕಲಸಿದ ಕೂಗು. ಜಯರಾಮಪ್ಪ ಮೊಮ್ಮಗಳ ಕೈಯನ್ನು ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಅಷ್ಟರಲ್ಲಿ ಹಳೇ ಪರಿಚಯದ ಮುನಿಗಂಗಪ್ಪ ಸಿಕ್ಕಿದ. "ಏಮಿ ಜಯರಾಮಪ್ಪ, ಸುದ್ದಿ ನೋಡಿದ್ರಾ? ಮಕ್ಳು ಔಷಧಿ ಕುಡಿದು ಸಾಯ್ತಾವಲ್ಲಪ್ಪ, ಯಾರನ್ನ ನಂಬಾದು?"

ಇದಕ್ಕೆ ಅಭಿಪ್ರಾಯ ಹೇಳದೆ ಇರುವುದು ಸಾಧ್ಯವೇ? "ನಾನು ಮೊದಲಿಂದ್ಲೂ ಹೇಳ್ತಾನೇ ಇದೀನಿ..." ಎಂದು ಶುರುಮಾಡಿದರು. ತೋರುಬೆರಳು ಮೇಲೆದ್ದಿತು. ಬೆರಳು ಏಳಬೇಕಾದರೆ ಕೈ ಬಿಡಬೇಕಲ್ಲ.

ಮಾತು ಮುಗಿಸಿ ತಿರುಗಿದರೆ ಮಗು ಇಲ್ಲ.

"ಚೈತ್ರಾ!" ಮೊದಲ ಕೂಗು ಹರಾಜಿನ ಸದ್ದಿನಲ್ಲಿ ಮುಳುಗಿತು. ಗೂಡಿನ ರಾಶಿಗಳ ಮಧ್ಯೆ, ಮೂಟೆಗಳ ಸಂದಿಯಲ್ಲಿ, ತೂಕದ ಕಟ್ಟೆಯ ಹಿಂದೆ ಹುಡುಕಿದರು. ಗೇಟಿನಲ್ಲಿ ಕೇಳಿದರೆ ಕಾವಲಿನವನು ತಲೆಯಾಡಿಸಿದ. ಗೇಟಿನಾಚೆ ರಸ್ತೆ, ರಸ್ತೆ ತುಂಬ ಆಟೋ, ಲಾರಿ, ಬಸ್ಸು. ಕ್ರಾಸಿನಲ್ಲಿ ಆವತ್ತು ಕೇಳಿದ್ದ ಬ್ರೇಕಿನ ಕಿರುಚು ಕಿವಿಯಲ್ಲೇ ಮೊಳಗಿತು. ರಸ್ತೆಗಿಳಿದು ಓಡಿದರು. ಇಷ್ಟು ವರ್ಷ ತಾವೇ ಓದಿದ ಸುದ್ದಿಗಳು ತಲೆಯೊಳಗೆ ತಾವಾಗಿ ಓದಿಕೊಳ್ಳತೊಡಗಿದವು: ಗೂಡಿನ ಮಾರುಕಟ್ಟೆಯಿಂದ ಬಾಲಕಿ ನಾಪತ್ತೆ, ನೀಲಿ ಫ್ರಾಕು ತೊಟ್ಟಿದ್ದಳು, ಎಣ್ಣೆಗೆಂಪು ಮೈಬಣ್ಣ, ಕನ್ನಡ ತೆಲುಗು ಬಲ್ಲಳು. ನಾಳೆ ಡೇರಿ ಮುಂದೆ ಇದನ್ನು ಯಾರು ಓದುತ್ತಾರೆ, ಓದಿ ಏನು ಅಭಿಪ್ರಾಯ ಹೇಳುತ್ತಾರೆ? ಮಾತ್ರೆ ಕೊಡದೆ ಕರೆದುಕೊಂಡು ಬಂದವನು ಯಾರು ಎಂದು ಕೇಳಿದರೆ? "ನಾನೇ ಕೊಂದೆ" ಎಂದು ಬಾಯಿಬಿಟ್ಟೇ ಅಂದರು. ದಾರಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

ಗೂಡಿನ ಚೀಲ ಹೊತ್ತ ಸೈಕಲ್ಲಿನ ಹಿಂದೆ ಒಂದು ಹುಡುಗಿ ಓಡಿದ್ದನ್ನು ಕಂಡೆ ಎಂದು ಟೀ ಅಂಗಡಿಯವನು ಓಣಿ ತೋರಿಸಿದ. ಓಣಿ ತುಂಬ ನೂಲು ಬಿಚ್ಚುವ ಶೆಡ್ಡುಗಳು. ಬೆಂದ ಹುಳುವಿನ ನಾತ, ಹಬೆ. ಶೆಡ್ಡೆಂದರೆ ಕುದಿಯುವ ನೀರಿನ ತೊಟ್ಟಿ ಎಂದು ನೆನಪಾದದ್ದೇ ಒಂದೊಂದು ಬಾಗಿಲಿಗೂ ಇಣುಕುತ್ತ ಓಡಿದರು.

ಮೂರನೇ ಬಾಗಿಲಲ್ಲಿ ಕಂಡಳು. ಕೆಲಸದ ಹೆಂಗಸು ಬೆನ್ನು ತಿರುಗಿಸಿ ಒಲೆಗೆ ಸೌದೆ ನೂಕುತ್ತಿದ್ದಳು. ಚೈತ್ರ ತೊಟ್ಟಿಯ ಅಂಚಿಗೆ ಹೊಟ್ಟೆಯಾನಿಸಿ, ತುದಿಗಾಲಲ್ಲಿ ನಿಂತು, ಕುದಿನೀರಿನಲ್ಲಿ ಕುಣಿಯುವ ಗೂಡಿನ ಎಳೆಯೊಂದನ್ನು ಹಿಡಿಯಲು ಕೈ ಚಾಚಿದ್ದಳು. ಕಣ್ಣು ಮಿಟುಕಿಸುತ್ತಿರಲಿಲ್ಲ. ಬೆರಳಿಗೂ ನೀರಿಗೂ ಮಧ್ಯೆ ಉಳಿದಿದ್ದು ಬರೀ ಹಬೆ.

ಕೂಗಿದರೆ ಬೆಚ್ಚುತ್ತಾಳೆ, ಬೆಚ್ಚಿದರೆ ಮುಂದಕ್ಕೆ ಬೀಳುತ್ತಾಳೆ. ಜಯರಾಮಪ್ಪ ಹಲ್ಲು ಕಚ್ಚಿಕೊಂಡು, ಚಪ್ಪಲಿ ಬಿಟ್ಟು, ಹುಳು ಮನೆಯೊಳಗೆ ನಡೆಯುವ ಹಾಗೆ ಸದ್ದಿಲ್ಲದೆ ನಡೆದರು. ಒದ್ದೆ ನೆಲದಲ್ಲಿ ಕಾಲು ಜಾರಿತು, ಗೋಡೆ ಹಿಡಿದರು. ಆಮೇಲೆ ಫ್ರಾಕನ್ನು ಎರಡು ಮುಷ್ಟಿಯಲ್ಲೂ ಹಿಡಿದು ಹಿಂದಕ್ಕೆ ಎಳೆದುಕೊಂಡು ಹಾಗೇ ನೆಲಕ್ಕೆ ಕುಸಿದು ಕೂತರು. ಹೆಂಗಸು "ಯಾ ಅಲ್ಲಾ!" ಎಂದು ತಿರುಗಿದಳು. ಮಗು ಮಾತ್ರ, "ತಾತ, ದಾರದ ತುದಿ ಸಿಕ್ಕಿತ್ತು!" ಎಂದು ಮುನಿಸಿಕೊಂಡಿತು. ಅವರು ಅವಳನ್ನು ಎದೆಗೆ ಅವುಚಿಕೊಂಡು ಅಷ್ಟು ಜನರ ಮುಂದೆ ಗೊಳೋ ಎಂದು ಅತ್ತರು.

ಸಂಜೆ ಕವಿತ ಬಸ್ಸಿಳಿದು ಬರುವ ಹೊತ್ತಿಗೆ ಸುಣ್ಣದ ಡಬ್ಬ ಜಗಲಿಯ ಮೇಲಿತ್ತು. ಮಗು ಒಳಗೆ ಮಲಗಿತ್ತು. ಜಯರಾಮಪ್ಪ ಏನನ್ನೂ ಮುಚ್ಚಿಡದೆ ಹೇಳಿದರು. ಡಬ್ಬದಲ್ಲಿ ಸುಣ್ಣ ಮೆತ್ತಿದ ಮಾತ್ರೆಗಳನ್ನು ನೋಡಿ ಕವಿತ ಕಂಬ ಹಿಡಿದುಕೊಂಡು ಕೂತಳು. ಬೈದಿದ್ದರೆ ಅವರಿಗೆ ಹಗುರಾಗುತ್ತಿತ್ತು.

"ನಂಗೂ ಭಯಾನೇ ಮಾವ" ಎಂದಳು. "ಫ್ಯಾಕ್ಟರೀಲಿ ಫೋನ್ ಬಡ್ಕೊಂಡ್ರೆ ಸಾಕು, ಮಗೂಗೇ ಏನೋ ಆಯ್ತು ಅಂತ ಮಿಷನ್ ಬಿಟ್ಟು ಎದ್ಬಿಡ್ತೀನಿ. ಆ ಟಿವಿ ನಾನೂ ನೋಡಿದೀನಿ. ಆದ್ರೆ ಹುಳು ಜ್ವರಕ್ಕೆ ಕೂತಾಗ ಮೇವು ಬಿಡಲ್ವಾ? ಆಗ ಮುಟ್ಬೇಡಿ, ಪೊರೆ ಬಿಟ್ಟು ತಾನೇ ಏಳ್ತದೆ ಅಂತ ನಮ್ಮನ್ನೆಲ್ಲ ಗದರೋರು ನೀವೇ ಅಲ್ವಾ?"

"ಜ್ವರಕ್ಕೆ ಕೂತಿದ್ಯೋ ವಿಷ ಏರಿದ್ಯೋ ಅಂತ ಹುಳು ನೋಡಿ ಹೇಳ್ತೀನಮ್ಮ. ಮಗೂನ ನೋಡಿ ಹೆಂಗೆ ಹೇಳ್ಲಿ?"

"ಗೊತ್ತಿರೋರ್ನ ಕೇಳ್ಬೇಕು. ಡೇರಿ ಮುಂದೆ ಅಲ್ಲ."

ಆಗಲೇ ಡಾಕ್ಟರಮ್ಮನಿಗೆ ಫೋನು ಹೋಯಿತು. ನಿಲ್ಲಿಸುವ ಮುಂಚೆ ತನಗೊಂದು ಮಾತು ಹೇಳಬೇಕಿತ್ತೆಂದು ಆಕೆ ಗದರಿಸಿಯೇ ಗದರಿಸಿದರು. ಹಗಲು ಹಸಿವು ಕಡಿಮೆಯಾಗುವುದುಂಟು, ತಿಂಡಿ ಹೊಟ್ಟೆ ತುಂಬ ತಿನ್ನಿಸಿ ಆಮೇಲೆ ಮಾತ್ರೆ ಕೊಡಿ, ಸಂಜೆ ಮತ್ತೆ ಊಟ ಹಾಕಿ, ಮಂಕಾಗಿ ಕೂರುತ್ತಾಳೆಂದರೆ ಅದನ್ನೂ ನಾನು ನೋಡಬೇಕು, ಈ ವಾರವೇ ಕರೆತನ್ನಿ, ತೂಕ ನೋಡಿ ಬೇಕಾದರೆ ಮಾತ್ರೆ ಬದಲಿಸೋಣ ಎಂದರು. ಜಯರಾಮಪ್ಪ ಎಲ್ಲವನ್ನೂ ಕಿವಿಗೊಟ್ಟು ಕೇಳಿದರು. ಭಯ ಮಾತ್ರ ಫೋನಿನ ಜೊತೆ ಆರಿಹೋಗಲಿಲ್ಲ.

ಮಾರನೇ ದಿನ ಅವರು ಡೇರಿಗೆ ಹಾಲು ಹಾಕಿ ಪೇಪರು ಮುಟ್ಟದೆ ವಾಪಸ್ಸು ಬಂದರು. ಚೈತ್ರಳಿಗೆ ದೋಸೆ ಮೇಲೆ ದೋಸೆ ಹಾಕಿ ತಿನ್ನಿಸಿದರು. ಆಮೇಲೆ ಮಾತ್ರೆ ಬಿಡಿಸಿ ಅಂಗೈಯಲ್ಲಿಟ್ಟು ಚಾಚಿದರು.

ಮಗು ಮಾತ್ರೆ ನೋಡಿತು, ತಾತನ ಮುಖ ನೋಡಿತು.

"ಇವತ್ತು ನೆನಪಾಯ್ತಾ ತಾತ?"

ಜಯರಾಮಪ್ಪ ನೀರಿನ ಲೋಟ ಎತ್ತಿಕೊಂಡರು.

"ದಿನಾ ಮಾತ್ರೆನ ಜೇಬಲ್ಲಿ ಹಾಕ್ಕೊಂಡು ಮರ್ತೋಗ್ತಿದ್ದೆ ನೀನು. ನಾನು ನೋಡ್ತಿದ್ದೆ." ಚೈತ್ರ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಿಂಗೂ ನನ್ ಕಾಯಿಲೆನೇ ಬಂದಿದೆ ಅಲ್ವಾ? ನಾನು ಅಮ್ಮಂಗೆ ಹೇಳಿಲ್ಲ ತಾತ. ಹೇಳಿದ್ರೆ ಎಲ್ರೂ ನಿನ್ನೂ ಬೈತಾರೆ."

ಅವಳು ಮಾತ್ರೆ ಬಾಯಿಗೆ ಹಾಕಿಕೊಂಡು ನೀರಿಗೆ ಕೈ ಚಾಚಿದಳು. ಲೋಟ ಹಿಡಿದ ತಾತನ ಕೈ ನಡುಗುತ್ತಿತ್ತೆಂದು, ಅವಳೇ ತನ್ನ ಎರಡೂ ಕೈಯಿಂದ ಆ ಕೈಯನ್ನು ಹಿಡಿದುಕೊಂಡು ಕುಡಿದಳು.