ಸುಜಾತಾಳ ಒಂದು ಸಾಲು ಕಡಲೆ

ಇವತ್ತು ಬೆಳಿಗ್ಗೆ ಭಾಲ್ಕಿ ಬಸ್ಸು ಹಿಡಿಯಲು ಹೊರಟವಳು ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಬಳಿ ಒಂದು ತಳ್ಳುಗಾಡಿಯ ಮುಂದೆ ನಿಂತುಬಿಟ್ಟೆ. ಗಾಡಿಯ ತುಂಬ ಕಡಲೆ ಪಲ್ಯ, ಅಂದರೆ ಕಡಲೆ ಗಿಡದ ಎಳೆಯ ಕುಡಿ. ಇಬ್ಬನಿ ಇನ್ನೂ ಆರಿರಲಿಲ್ಲ. ಒಂದು ಕುಡಿ ಸವರಿ ಬೆರಳು ನೆಕ್ಕಿದೆ. ಹುಳಿ! ಕಡಲೆ ಎಲೆಯ ಮೇಲೆ ಹುಳಿ ಇರುತ್ತದೆಂಬುದು ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ನಾಚಬೇಡಿ, ವಿಜ್ಞಾನದ ಟೀಚರಾಗಿದ್ದ ನನಗೂ ಬಹಳ ಕಾಲ ಗೊತ್ತಿರಲಿಲ್ಲ.

“ಬೆರಳ ನೆಕ್ಕಿ ನೋಡೋರು ಹಳ್ಳ್ಯಾಗಿನೋರೇ ಇರ್ತಾರ್ರಿ. ನಿಮ್ಮದ್ಯಾವೂರ್ರಿ?” ಎಂದಳು ಗಾಡಿಯವಳು.

ನಾನು ಹುಟ್ಟಿ ಬೆಳೆದದ್ದು ಇದೇ ಬೀದರಿನ ಮಿಶನ್ ಕಂಪೌಂಡಿನಲ್ಲಿ. ಅಪ್ಪ ಮಾಸ್ತರ, ಅವ್ವ ನರ್ಸು, ಮಣ್ಣೆಂದರೆ ಹೂವಿನ ಕುಂಡದಲ್ಲಿರುವಷ್ಟು. ಆದರೂ “ಔರಾದ ಕಡೀದ್ರಿ” ಎಂದು ಜಂಬದಿಂದ ಸುಳ್ಳು ಹೇಳಿ ಎರಡು ಕಟ್ಟು ಕೊಂಡೆ.

ಪೂರ್ತಿ ಸುಳ್ಳೂ ಅಲ್ಲ. ಔರಾದ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಹಲವು ವರ್ಷ ಇದ್ದೆ. ಅಲ್ಲಿ ಬಿಸಿಯೂಟದ ಸಾರಿನಲ್ಲಿ ಬಂದ ಸೊಪ್ಪನ್ನೆಲ್ಲ ಮಕ್ಕಳು ತಟ್ಟೆಯ ಅಂಚಿಗೆ ಸಾಲಾಗಿ ಅಂಟಿಸಿ ಏಳುತ್ತಿದ್ದರು. ನಾನು ಸಮತೋಲನ ಆಹಾರದ ಚಿತ್ರಪಟ ತೂಗುಹಾಕಿ ಪಾಠ ಮಾಡುತ್ತಿದ್ದೆ. ಅದರ ನಡುವೆ ಕೆಂಪಗೆ ಒಂದು ಸೇಬು. “ಸೇಬು ಯಾರ್‍ಯಾರು ತಿಂದೀರಿ?” ಎಂದು ಕೇಳಿದಾಗ ಎದ್ದದ್ದು ಒಂದೇ ಕೈ. “ಜ್ವರಾ ಬಂದಾಗ ತಿಂದೇನ್ರಿ ಟೀಚರ್.” ಆ ದಿನವೇ ಚಿತ್ರಪಟ ಸುತ್ತಿಟ್ಟು ಶಾಲೆಯ ಹಿಂದೆ ತೋಟ ಮಾಡಲು ಹೊರಟೆ. ನನ್ನದು ಪುಸ್ತಕದ ಬದನೆಕಾಯಿ, ಮಕ್ಕಳಿಗೆ ಅದು ಮೊದಲ ವಾರವೇ ತಿಳಿದುಹೋಯಿತು. ಪಾಪ, ತೋರಗೊಡಲಿಲ್ಲ.

ತಟ್ಟೆ ತೊಳೆದ ನೀರು ತೋಟಕ್ಕೆ ಹರಿಯುವ ಹಾಗೆ ಕಾಲುವೆ ತೋಡಿದೆವು. ಮೆಂತ್ಯ, ಪಾಲಕ, ರಾಜಗಿರಿ, ಮೂಲಂಗಿ, ಒಬ್ಬೊಬ್ಬರಿಗೆ ಒಂದೊಂದು ಸಾಲು. ಸುಜಾತಾ ಆಗ ಆರನೇ ತರಗತಿ. ಅವಳು ಕಡಲೆಯೇ ಬೇಕೆಂದು ಹಟ ಹಿಡಿದಳು. ಕಾರಣ ಕೇಳಿದ್ದಕ್ಕೆ ನೆಲ ನೋಡುತ್ತ ಹೇಳಿದಳು:

“ನಮಗ ಹೊಲಾ ಇಲ್ರಿ. ವರ್ಷಾ ವರ್ಷಾ ಎಳ್ಳಮಾಸಿಗಿ ಮಂದೀ ಹೊಲದಾಗ ಉಣ್ತೇವಿ. ಈ ಸಲಾ ನಾನೇ ಮಂದೀನ ಕರೀತೇನ್ರಿ.”

ಎಳ್ಳಮಾವಾಸ್ಯೆಗೆ ನಮ್ಮ ಜಿಲ್ಲೆಯಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಅಲ್ಲಿ ಉಣ್ಣುವ ಭಜ್ಜಿ ಎಣ್ಣೆಯಲ್ಲಿ ಕರಿದದ್ದಲ್ಲ. ಆ ಕಾಲಕ್ಕೆ ಸಿಕ್ಕ ಸೊಪ್ಪು, ಹಸಿಕಾಳು, ಕಾಯಿ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿ, ಕಡಲೆ ಹಿಟ್ಟು ಕೂಡಿಸಿ ಮಾಡುವ ಗಟ್ಟಿ ಪಲ್ಯ. ಹೊಲವಿದ್ದವರು ಇಲ್ಲದವರನ್ನು ಕರೆಯುತ್ತಾರೆ, ದಾರಿಹೋಕರನ್ನೂ ಬಿಡುವುದಿಲ್ಲ. ಕಂಪೌಂಡಿನ ನಮ್ಮನ್ನೂ ಹತ್ತಿರದ ಕಮಠಾಣ ಹಳ್ಳಿಯ ಒಂದು ಮನೆಯವರು ಪ್ರತಿವರ್ಷ ಕರೆಯುತ್ತಿದ್ದರು. ಪ್ರೀತಿಗೆ ಕೊರತೆಯಿರಲಿಲ್ಲ. ಆದರೂ ವರ್ಷವರ್ಷವೂ ಉಂಡೇ ಬರುವವರ ಮನಸ್ಸಿನಲ್ಲಿ ಒಂದು ಸಣ್ಣ ಮುಳ್ಳು ಉಳಿಯುತ್ತದೆ. ಅದು ನನಗೂ ಗೊತ್ತಿತ್ತು. ಕಡಲೆಯ ಸಾಲು ಅವಳ ಹೆಸರಿಗೇ ಬರೆದೆ. ಎಳ್ಳಮಾವಾಸ್ಯೆಗೆ ತೋಟದ ಬೆಳೆಯಿಂದ ಶಾಲೆಯಲ್ಲೇ ಭಜ್ಜಿ ಮಾಡುವುದೆಂದೂ ಆಯಿತು.

ತಿಂಗಳು ದಾಟಿರಬೇಕು. ಒಂದು ಮಧ್ಯಾಹ್ನ ತೋಟಕ್ಕೆ ಹೋದರೆ ಕಡಲೆ ಸಾಲಿನ ಒಂದು ಗಿಡಕ್ಕೂ ತುದಿಯಿಲ್ಲ! ಸುಜಾತಾಳ ಉಡಿಯ ತುಂಬ ಹಸಿರು ಕುಡಿ. ನನಗೆ ಎಲ್ಲಿತ್ತೋ ಸಿಟ್ಟು.

“ಬೆಳೆಯೋ ಗಿಡದ ಕುತ್ತಿಗೆ ಮುರೀತೀಯಲ್ಲ! ತೋಟದ್ದು ಕದ್ದು ಮನೀಗೆ ಒಯ್ತೀಯೇನು?”

ಇಡೀ ತರಗತಿಯ ಎದುರಿಗೆ ಅಂದೆ. ಅವಳು ಏನೋ ಹೇಳಲು ಬಾಯಿ ತೆರೆದಳು, ನಾನು ಕೈ ಎತ್ತಿ ತಡೆದೆ. ಮರುದಿನ ಅವಳು ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಮೂರನೆಯ ದಿನ ಅವಳ ಮನೆ ಹುಡುಕಿಕೊಂಡು ಹೋದೆ. ಅವಳ ಅವ್ವ ಊರವರ ಹೊಲಗಳಲ್ಲಿ ಕಳೆ ತೆಗೆಯುವ ಹೆಣ್ಣುಮಗಳು. ನನ್ನನ್ನು ಕೂರಿಸಿ, ನೀರು ಕೊಟ್ಟು, ಆಮೇಲೆ ಮೆಲ್ಲಗೆ ಹೇಳಿದಳು:

“ಕಡ್ಲಿ ಕುಡಿ ಚೂಟಬೇಕ್ರಿ ಬಾಯೋರ. ಚೂಟಿದ್ರ ಗಿಡಾ ಟೊಂಗಿ ಒಡದು ಹರಡ್ತದ, ಕಾಯಿ ಜಾಸ್ತಿ ಹಿಡೀತದ. ಹೊಲದೋರೇ ನಮ್ಮನ್ನ ಚೂಟ್ಲಿಕ್ಕಿ ಕರೀತಾರ್ರಿ. ನಿಮಗ ಗೊತ್ತಿರ್ತದಂತ ಆಕಿ ತಿಳ್ಕೊಂಡಾಳ.”

ಆ ಕೊನೆಯ ಮಾತಿಗೆ ನಾನು ಇಂಗು ತಿಂದ ಮಂಗನಂತಾದೆ. ಟೀಚರಿಗೆ ಗೊತ್ತಿರುತ್ತದೆ ಎಂದು ನಂಬಿದ್ದೇ ಆ ಹುಡುಗಿಯ ತಪ್ಪು. ಅಂಗಳದಲ್ಲಿ ಹಳೆಯ ಸೀರೆಯ ಮೇಲೆ ಅದೇ ಕುಡಿಗಳು ಒಣಗುತ್ತಿದ್ದವು. “ಶಾಲಿ ಭಜ್ಜಿಗಂತ ಇಟ್ಟಾಳ್ರಿ. ಒಂದು ಎಸಳು ನಮಗ ಮುಟ್ಟಗೊಡವಲ್ಲಳು,” ಎಂದು ಅವ್ವ ನಕ್ಕಳು. ಸುಜಾತಾ ಬಾಗಿಲ ಮರೆಯಲ್ಲಿ ನಿಂತಿದ್ದಳು.

ತಪ್ಪಾಯಿತು ಎನ್ನಬೇಕು, ಅಷ್ಟೇ. ಆದರೆ ದಿನವಿಡೀ ಮಕ್ಕಳ ತಪ್ಪು ತಿದ್ದುವ ನಾಲಿಗೆ ತನ್ನ ತಪ್ಪಿಗೆ ಹೊರಳುವುದಿಲ್ಲ ನೋಡಿ. “ನಾಳೆ ಬಾ. ನಿನ್ನ ಸಾಲಿಗೆ ನೀರು ಹಾಕೋರಿಲ್ಲ,” ಎಂದೆ. ಬಂದಳು. ಅವಳು ದೊಡ್ಡವಳು, ನಾನೇ ಚಿಕ್ಕವಳು.

ಅಮಾವಾಸ್ಯೆಯ ಹಿಂದಿನ ದಿನ ಶಾಲೆಯಲ್ಲಿ ಭಜ್ಜಿ ಆಯಿತು. ಕಡಲೆ ಗಿಡಗಳು ಅಷ್ಟಗಲ ಹರಡಿ ಕಾಯಿ ಹಿಡಿಯತೊಡಗಿದ್ದವು. ಸೊಪ್ಪನ್ನು ತಟ್ಟೆಯ ಅಂಚಿಗೆ ಅಂಟಿಸುತ್ತಿದ್ದವರೇ “ಈ ಮೆಂತ್ಯಾ ನಂದು”, “ಪಾಲಕ ನಂದಲೇ” ಎಂದು ಜಗಳವಾಡುತ್ತ ಎರಡೆರಡು ಸಲ ಹಾಕಿಸಿಕೊಂಡರು. ಸುಜಾತಾ ಮಾತ್ರ ಕೂರಲಿಲ್ಲ. ಸೌಟು ಹಿಡಿದು, “ನಮ್ಮ ಹೊಲಕ್ಕ ಬಂದೀರಿ, ನಾಚಬ್ಯಾಡ್ರಿ, ಉಣ್ರಿ,” ಎಂದು ಪ್ರತಿಯೊಬ್ಬರಿಗೂ ಹೇಳಿದಳು. ತನ್ನ ಅವ್ವನಿಗೂ ಹೇಳಿದಳು, ನನಗೂ ಹೇಳಿದಳು. ಕಣ್ಣು ತುಂಬಿದ್ದನ್ನು ಖಾರದ ಮೇಲೆ ಹಾಕಿದೆ.

ಈಗ ಆ ಸುಜಾತಾ ಭಾಲ್ಕಿ ತಾಲ್ಲೂಕಿನಲ್ಲಿ, ಹಲಬರ್ಗಾದ ಆಚೆಯ ಒಂದು ಹಳ್ಳಿಯಲ್ಲಿ ಟೀಚರು. ಅಲ್ಲಿಯೂ ತೋಟ ಮಾಡಿಸಿದ್ದಾಳೆ. “ಇವತ್ತ ನಮ್ಮ ಶಾಲಿ ಭಜ್ಜಿ ಅದ, ತಪ್ಪಿಸಬ್ಯಾಡ್ರಿ ಟೀಚರ್,” ಎಂದು ಫೋನು ಮಾಡಿದ್ದಳು. ಬಸ್ಸಿಳಿದು ಅವಳ ಶಾಲೆ ತಲುಪಿ, ನನ್ನ ಎರಡು ಕಟ್ಟು ಪಲ್ಯವನ್ನು ಅಡುಗೆಯವರ ಕೈಗಿತ್ತು ತೋಟಕ್ಕೆ ಹೋದೆ. ಕಡಲೆ ಸಾಲು ಕಂಡದ್ದೇ ತಡ, ಕಲಿತ ವಿದ್ಯೆ ತೋರಿಸಲು ಕೈ ತುರಿಸಿತು. ಬಗ್ಗಿ ಒಂದು ಕುಡಿ ಚೂಟಿದೆ.

“ಅಜ್ಜಿ, ಚೂಟಬ್ಯಾಡ್ರಿ!” ಮೂರನೇ ತರಗತಿಯ ವಯಸ್ಸಿನ ಹುಡುಗಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಎದುರು ನಿಂತಿದ್ದಳು. “ಹೂ ಬಿಟ್ಟದ, ಕಾಣವಲ್ದೇನ್ರಿ? ಹೂ ಬಿಟ್ಟ ಮ್ಯಾಲ ಚೂಟಿದ್ರ ಕಾಯಿ ಎಲ್ಲಿಂದ ಬರಬೇಕ್ರಿ?”

ಬಗ್ಗಿ ನೋಡಿದೆ. ಎಲೆಗಳ ನಡುವೆ ನಸುಗೆಂಪು ಹೂವು. ಅರ್ಧ ವಿದ್ಯೆಯ ಮೇಲೆಯೇ ಇಷ್ಟು ವರ್ಷ ಮೆರೆದಿದ್ದೆ.

“ತಪ್ಪಾತವ್ವಾ,” ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಬಂದ ಮೇಲೆ ಗೊತ್ತಾಯಿತು, ಅದು ಇನ್ನೊಬ್ಬಳಿಗೆ ಸಲ್ಲಬೇಕಾದ ಮಾತು. ಸುಜಾತಾ ಪಕ್ಕದಲ್ಲೇ ಇದ್ದಳು. ಅವಳತ್ತ ತಿರುಗಿ, “ಅವತ್ತು ನಿನಗ ಕಳ್ಳಿ ಅಂದಿದ್ದೂ ತಪ್ಪಾತು, ಸುಜಾತಾ,” ಎಂದೆ.

ಅವಳು ಮರೆತಿರಲಿಲ್ಲ, ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ನನ್ನ ಕೈಯಲ್ಲಿದ್ದ ಕುಡಿ ತೆಗೆದುಕೊಂಡು ಅರ್ಧ ತಾನು ಬಾಯಿಗೆ ಹಾಕಿಕೊಂಡು, ಉಳಿದರ್ಧ ನನಗೆ ಕೊಟ್ಟಳು.

“ನಮ್ಮ ಹೊಲಕ್ಕ ಬಂದೀರಿ ಟೀಚರ್,” ಎಂದಳು, “ನಾಚಬ್ಯಾಡ್ರಿ. ಉಣ್ಲಿಕ್ಕಿ ನಡೀರಿ.”