ಲಕ್ಷ್ಮೀಶ ವಿಮಾನ ಇಳಿಸಿದ್ದು

ಲಕ್ಷ್ಮೀಶನಿಗೆ ವಿಮಾನ ಏರಿಸಲು ಬರುತ್ತಿತ್ತು, ಇಳಿಸಲು ಬರುತ್ತಿರಲಿಲ್ಲ. ಇಳಿಸುವುದು ನಮ್ಮವರ ಕೆಲಸವಾಗಿತ್ತು. ನಮ್ಮವರು ತೀರಿಹೋದ ಮೇಲಿನ ಮೊದಲ ಚಳಿಗಾಲದಲ್ಲಿ ಅವನು ಸಿಡ್ನಿಯಿಂದ ಫೋನು ಮಾಡಿ, "ಅತ್ತಿಗೆ, ರೆಕ್ಕೆ ತಗೊಂಡ್ ಬರ್ತಾ ಇದೀನಿ" ಅಂದ.

ವಿಮಾನ ಅಂದರೆ ಮಂದಿ ಕೂತು ಹೋಗುವ ವಿಮಾನವಲ್ಲ. ಹಗುರ ಕಟ್ಟಿಗೆಯಿಂದ ಮನೆಯಲ್ಲೇ ಮಾಡಿದ್ದು. ರೆಕ್ಕೆಯ ಉದ್ದ ನಾನು ಎರಡೂ ಕೈ ಚಾಚಿದಷ್ಟು. ನೆಲದ ಮೇಲೆ ನಿಂತು ರಿಮೋಟ್ ಹಿಡಿದು ಹಾರಿಸುತ್ತಾರೆ. ಹಿಮ ಬಿದ್ದಾಗ ಅದರ ಗಾಲಿ ಬಿಚ್ಚಿ ಸ್ಕೀ ಕಟ್ಟುತ್ತಾರೆ. ಸ್ಕೀ ಅಂದರೆ ಹಿಮದ ಮೇಲೆ ಜಾರುವ ಪಟ್ಟಿ. ನಮ್ಮವರು ತೆಳು ಪ್ಲೈವುಡ್ಡನ್ನು ನನ್ನ ಇಡ್ಲಿ ಪಾತ್ರೆಯ ಹಬೆಗೆ ಹಿಡಿದು ಅದರ ತುದಿ ಬಗ್ಗಿಸಿದ್ದರು. ಆ ತುದಿ ಗಾಳಿಯಲ್ಲಿ ಕೆಳಗೆ ಬಾಗದ ಹಾಗೆ ಎಳೆದು ಕಟ್ಟಿದ್ದು ನನ್ನ ಲಂಗದ ಎಲಾಸ್ಟಿಕ್.

ಆಗ ನಾವಿದ್ದದ್ದು ಸಿಡ್ನಿಯ ಪ್ಯಾರಮಟ್ಟಾದಲ್ಲಿ, ದೊಡ್ಡ ಅಪಾರ್ಟ್‌ಮೆಂಟಿನಲ್ಲಿ. ನಮ್ಮವರು, ಶಿವಬಸಪ್ಪ, ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ಪಳಗಿದ ಕೈ. ಸಿಡ್ನಿಯ ಒಂದು ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದರು. ಒಂದು ದಿನ ಲಿಫ್ಟಿನಲ್ಲಿ ಕಟ್ಟಿಗೆಯ ಹಲಗೆ ಹಿಡಿದು ನಿಂತಿದ್ದಾಗ, ಕೆಳಗಿನ ಮಹಡಿಯ ಹುಡುಗನೊಬ್ಬ "ಕನ್ನಡದೋರಾ ಸಾರ್?" ಅಂದನಂತೆ. ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಉಂಡ. ಅವನೇ ಲಕ್ಷ್ಮೀಶ, ಮೈಸೂರಿನವನು. ಬಸ್ಸುಗಳು ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂದು ಬರೆದಿಡುವ ಆಫೀಸಿನಲ್ಲಿ ಅವನ ಕೆಲಸ.

ಮದುವೆ ಆಗಿತ್ತು. ಹೆಂಡತಿ ಸರಸ್ವತಿ ಒಂದು ಚಳಿಗಾಲ ಇಲ್ಲಿದ್ದಳು, ಊರಿಗೆ ಹೋದವಳು ತಿರುಗಿ ಬರಲಿಲ್ಲ. ಜಗಳವಿಲ್ಲ, ಕೋರ್ಟಿಲ್ಲ, ಏನೂ ಇಲ್ಲ. ಅವಳ ಬಟ್ಟೆಯನ್ನು ಇವನು ಅಲಮಾರಿಯಲ್ಲಿ ಹಾಗೇ ಇಟ್ಟುಕೊಂಡಿದ್ದ. "ಒಂದ್ ಮಾತು ಕೇಳಬಾರದಾ ತಮ್ಮಾ, ಬರ್ತಿಯೋ ಇಲ್ಲೋ ಅಂತ?" ಅಂದಿದ್ದೆ. "ಕೇಳಿದ್ರೆ ಇಲ್ಲ ಅಂತಾಳೆ ಅತ್ತಿಗೆ" ಅಂದ. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ನನ್ನ ಹತ್ತಿರ ಒಂದು ಕೆಂಪು ಜಾಕೀಟಿದೆ, ಅದು ಆ ಸರಸ್ವತಿಯದೇ. ಮೊದಲ ಸಲ ಹಿಮಕ್ಕೆ ಹೋದಾಗ ನಾನು ಚಳಿಗೆ ನಡುಗುವುದನ್ನು ನೋಡಿ, ಮನೆಗೆ ಬಂದ ಮೇಲೆ ಅಲಮಾರಿಯಿಂದ ತೆಗೆದು, "ಸುಮ್ನೆ ಇದೆ, ಹಾಕ್ಕೊಳ್ಳಿ" ಎಂದು ಕೊಟ್ಟ.

ಆ ಮೊದಲ ಸಲ ವಿಮಾನ ಏರಿಸಿದವನೂ ಲಕ್ಷ್ಮೀಶನೇ, ಇಳಿಸಲು ಹೋದವನೂ ಅವನೇ. ಎಲ್ಲಾ ಬೆಳ್ಳಗೆ. ಹಿಮ ಬೆಳ್ಳಗೆ, ಮೋಡ ಬೆಳ್ಳಗೆ. ನೆಲ ಎಲ್ಲಿ ಶುರುವಾಗುತ್ತದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ವಿಮಾನ ಇನ್ನೂ ಮೇಲಿದೆ ಅಂದುಕೊಂಡು ಕೆಳಗೆ ಒತ್ತಿದ. ಮೂಗು ಮುಂದಾಗಿ ಹಿಮದೊಳಗೆ ಹೊಕ್ಕಿತು. ನಮ್ಮವರು ಬೈಯಲಿಲ್ಲ. ಚೂರುಗಳನ್ನು ಆರಿಸಿ ನನ್ನ ರೊಟ್ಟಿ ಡಬ್ಬಿಯಲ್ಲಿ ತುಂಬಿಕೊಂಡರು.

"ನಿಮ್ಮ ಮೈಸೂರ ಮಂದೀದು ಇಷ್ಟ ನೋಡಪಾ. ಏರೂದು ಬರತೈತಿ, ಇಳಿಯೂದು ಗೊತ್ತಿಲ್ಲ."

"ನಿಮ್ ಹುಬ್ಳಿಯೋರು ಬಾಯಿ ತೆಗೆದ್ರೇ ಸಾಕು ಅಣ್ಣ, ಮೇಲಿರೋದೆಲ್ಲ ಹೆದರಿ ತಾನೇ ಇಳಿಯುತ್ತೆ."

ನಕ್ಕ, ಆದರೆ ಮತ್ತೆ ಇಳಿಸಲಿಲ್ಲ. ನಮ್ಮವರು ಚೂರುಗಳನ್ನು ಅಂಟಿಸಿ ವಿಮಾನವನ್ನು ಮತ್ತೆ ಎಬ್ಬಿಸಿದರು. ಅವತ್ತಿನಿಂದ ಒಂದು ಪದ್ಧತಿಯಾಯಿತು. ಲಕ್ಷ್ಮೀಶ ಏರಿಸಿ, ಸುತ್ತು ಹೊಡೆಸಿ, ವಿಮಾನ ಮೇಲಿರುವಾಗಲೇ ಎಡಕ್ಕೆ ತಿರುಗಿ ರಿಮೋಟ್ ಚಾಚುತ್ತಿದ್ದ. "ಹಿಡೀರಿ ಅಣ್ಣ." "ಹಿಡದೀನಿ, ಬಿಡು." ಆ 'ಬಿಡು' ಕಿವಿಗೆ ಬೀಳುವವರೆಗೆ ಬಿಡುತ್ತಿರಲಿಲ್ಲ. ಆಮೇಲೆ ನಮ್ಮವರು ಇಳಿಸುತ್ತಿದ್ದರು. ನಾನು ಆ ಕೆಂಪು ಜಾಕೀಟು ಹಾಕಿಕೊಂಡು, ಇಳಿಯುವ ಜಾಗದ ಪಕ್ಕದಲ್ಲಿ ಕಂಬದ ಹಾಗೆ ನಿಲ್ಲಬೇಕು. "ಹಿಮ ನೋಡಬಾರ್ದು, ರತ್ನಿ ಮೊಣಕಾಲು ನೋಡಬೇಕು. ಅಷ್ಟು ಎತ್ತರಕ್ಕ ಬಂದ್ರ ಮೆಲ್ಲಕ ಬಿಡಬೇಕು" ಅನ್ನುತ್ತಿದ್ದರು. ರತ್ನಿ ಅಂದರೆ ನಾನು. ಬ್ಯಾಟರಿ ತಣ್ಣಗಾದರೆ ಬೇಗ ಸೋಲುತ್ತದೆ. ಅದಕ್ಕೆ ಹಾರಿಸುವ ತನಕ ಅದು ನನ್ನ ಸ್ವೆಟರಿನೊಳಗೆ, ಹೊಟ್ಟೆಯ ಮೇಲೆ.

ಮಗಳು ಐಶ್ವರ್ಯಾ ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿ ಮನೆ ಮಾಡಿದಾಗ ನಾವೂ ಅಲ್ಲಿಗೆ ಬಂದೆವು. ಸಾಮಾನು ತುಂಬಿದ ಕಾರಿನಲ್ಲಿ ವಿಮಾನದ ಒಡಲು ಹಿಡಿಸಿತು, ರೆಕ್ಕೆ ಹಿಡಿಸಲಿಲ್ಲ. "ಇರ್ಲಿ ಬಿಡಿ ಅಣ್ಣ, ನಾನ್ ತರ್ತೀನಿ" ಅಂದ ಲಕ್ಷ್ಮೀಶ. ತಂದ, ಹಾರಿಸಿದರು, ಬಿಚ್ಚಿ ಮತ್ತೆ ಒಯ್ದ. ಹೀಗೆ ಒಡಲು ನಮ್ಮ ಗ್ಯಾರೇಜಿನಲ್ಲಿ, ರೆಕ್ಕೆ ಅವನ ಹಾಸಿಗೆಯ ಕೆಳಗೆ. ವರುಷಕ್ಕೊಮ್ಮೆ ಜುಲೈಯಲ್ಲಿ, ಇಲ್ಲಿಯ ಚಳಿಗಾಲದಲ್ಲಿ, ಎರಡೂ ಕೂಡುತ್ತಿದ್ದವು. ಅವರಿಬ್ಬರೂ ಕೂಡುತ್ತಿದ್ದರು.

ಕಳೆದ ದೀಪಾವಳಿ ಮುಗಿದ ವಾರದಲ್ಲಿ ನಮ್ಮವರು ಚಹಾ ಕುಡಿಯುತ್ತ ಕೂತವರು ಹಾಗೇ ವಾಲಿದರು. ಆಸ್ಪತ್ರೆ ಮುಟ್ಟುವ ಮುಂಚೆ ಮುಗಿದಿತ್ತು. ಲಕ್ಷ್ಮೀಶ ಅಂದೇ ಬಂದ. ಮಣ್ಣು ಮಾಡುವಾಗ ಎಲ್ಲರೂ ಒಂದೊಂದು ಹಿಡಿ ಹಾಕಿ ಹಿಂದೆ ಸರಿದರು. ಅವನು ಮಣ್ಣು ಹಿಡಿದುಕೊಂಡೇ ನಿಂತ. ಕೊನೆಗೆ ಐಶ್ವರ್ಯಾ ಭುಜ ಮುಟ್ಟಿ, "ಅಂಕಲ್, ಹಾಕಿ" ಅಂದಳು.

ಅವನು ರೆಕ್ಕೆ ತರುತ್ತೇನೆ ಅಂದದ್ದು ಕೇಳಿ ಐಶ್ವರ್ಯಾ ಸಿಟ್ಟಾದಳು. "ಅವ್ವಾ, ಅಂಕಲ್‌ಗೆ ಲ್ಯಾಂಡ್ ಮಾಡೋಕೆ ಬರಲ್ಲ. ಕ್ರ್ಯಾಶ್ ಆದ್ರೆ? ಅಪ್ಪ ಕೈಯಾರೆ ಮಾಡಿದ್ದು ಅಂತ ಉಳಿದಿರೋದು ಅದೊಂದೇ. ಲಿವಿಂಗ್ ರೂಮ್ ಗೋಡೆಗೆ ಹಾಕ್ಸೋಣ."

ಅವಳ ಮಾತು ಖರೆ ಇತ್ತು. ಲಕ್ಷ್ಮೀಶ ಬಂದು ಅದೇ ಮಾತು ಕೇಳಿಸಿಕೊಂಡು, ರೆಕ್ಕೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತ. "ನೀವು ಹೇಳ್ದಂಗೆ ಅತ್ತಿಗೆ" ಅಂದ. ಕಣ್ಣು ಮಾತ್ರ ಮೇಲೆತ್ತಲಿಲ್ಲ. ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ನಮ್ಮವರ ಫೋಟೋ ಎದುರಿಗೇ ಇತ್ತು. ಗೋಡೆಯ ಮೇಲೆ ಒಂದು ಸಾಕು ಅನ್ನಿಸಿತು ನನಗೆ.

"ನಾಳೆ ಹೋಗೂಣು" ಅಂದೆ.

ಮೆಲ್ಬರ್ನಿನಿಂದ ಮೂರು ತಾಸಿನ ಹಾದಿ. ಗುಡ್ಡದ ಮೇಲೆ ದನ ಸಾಕುವವರೊಬ್ಬರ ಬಯಲಿದೆ. ಪ್ರತಿ ವರುಷ ಕೇಳಿಕೊಂಡು ಅಲ್ಲೇ ಹಾರಿಸುವುದು. ಹಾದಿಯಲ್ಲಿ, ಹಿಮದ ಮೇಲೆ ಜಾರದ ಹಾಗೆ, ಕಾರಿನ ಗಾಲಿಗೆ ಸರಪಳಿ ಕಟ್ಟಬೇಕಾಯಿತು. ಅದನ್ನೂ ನಮ್ಮವರೇ ಕಟ್ಟುತ್ತಿದ್ದರು. ಲಕ್ಷ್ಮೀಶ ಮೊದಲು ತಿರುವುಮುರುವು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ. ಕೈ ಕೆಂಪಾಗಿದ್ದವು.

ಬಯಲು ತುಂಬ ಹಿಮ ಬಿದ್ದಿತ್ತು. ರೆಕ್ಕೆ ಕೂಡಿಸಿ ಬಿಗಿದ. ನಾನು ಸ್ವೆಟರಿನೊಳಗಿಂದ ಬ್ಯಾಟರಿ ತೆಗೆದು ಕೊಟ್ಟೆ. "ಬೆಚ್ಚಗಿದೆ" ಅಂದ. ನಾನು ನನ್ನ ಜಾಗಕ್ಕೆ ನಡೆದೆ. ಹಿಮದಲ್ಲಿ ಕಾಲು ಹೂತು ಹೂತು ಹೋಗುತ್ತಿದ್ದವು. ನಿಂತು ತಿರುಗಿ ಕೈ ಎತ್ತಿದೆ.

ಏರಿಸುವುದರಲ್ಲಿ ಅವನದು ಮೊದಲಿನ ಕೈಯೇ. ಸ್ಕೀ ಸರ್ ಎಂದು ಜಾರಿ, ಹಿಮದ ಪುಡಿ ಎಬ್ಬಿಸಿ, ವಿಮಾನ ಎದ್ದಿತು. ಮರಗಳ ಮೇಲೆ ಹೋಯಿತು, ತಿರುಗಿತು, ನನ್ನ ನೆತ್ತಿಯ ಮೇಲೆ ಹಾಯಿತು. ನೋಡುತ್ತ ನೋಡುತ್ತ ಸ್ವಲ್ಪ ಹೊತ್ತು ನನಗೆ ಎಲ್ಲ ಮರೆತೇಹೋಗಿತ್ತು.

ಆಗ ಲಕ್ಷ್ಮೀಶ ಎಡಕ್ಕೆ ತಿರುಗಿದ. ರಿಮೋಟ್ ಚಾಚಿದ. ಹಿಮದ ಬಯಲಿನಲ್ಲಿ ಸಣ್ಣ ಮಾತೂ ದೂರಕ್ಕೆ ಕೇಳುತ್ತದೆ.

"ಹಿಡೀರಿ ಅಣ್ಣ."

ಚಾಚಿದ ಕೈ ಹಾಗೇ ನಿಂತಿತು. ಮೇಲೆ ವಿಮಾನ ಒಂದು ಕಡೆಗೆ ವಾಲತೊಡಗಿತು.

"ಲಕ್ಷ್ಮೀಶಾ!" ಎಂದು ಕೂಗಿದೆ. "ನಿನ್ನ ಕೈಯಾಗ ಇಟ್ಕೋ! ಮ್ಯಾಲ ನೋಡು, ಮ್ಯಾಲ!"

ಬೆಚ್ಚಿಬಿದ್ದವನ ಹಾಗೆ ಕೈ ಹಿಂದೆ ಎಳೆದುಕೊಂಡ. ವಿಮಾನ ಸರಿಯಾಯಿತು. ಮತ್ತೆ ಸುತ್ತಿದ. ಇನ್ನೊಂದು ಸಲ ಸುತ್ತಿದ. ಇಳಿಸಲು ತಂದು, ಧೈರ್ಯ ಸಾಲದೆ ಮತ್ತೆ ಮೇಲಕ್ಕೆ ಎತ್ತಿದ. ರಿಮೋಟು ಕುಂಯ್ ಕುಂಯ್ ಅನ್ನಲು ಹತ್ತಿತು. ಬ್ಯಾಟರಿ ಮುಗಿಯುತ್ತ ಬಂದರೆ ಹಾಗೆ ಕೂಗುತ್ತದೆ.

"ಅತ್ತಿಗೆ, ನೆಲಾನೇ ಕಾಣಿಸ್ತಿಲ್ಲ!"

"ನೆಲ ಯಾಕ ನೋಡ್ತಿ? ನನ್ನ ಮೊಣಕಾಲು ನೋಡೋ ಮಾರಾಯಾ! ಏನಂತಿದ್ರು ಅವರು? ಮೊಣಕಾಲು!"

ಸೀರೆ ಎತ್ತಿ ಕಟ್ಟಿ ನಿಂತೆ. ವಿಮಾನ ಬಯಲಿನ ತುದಿಯಿಂದ ಬಂತು. ನನ್ನ ಭುಜದ ಮಟ್ಟಕ್ಕೆ, ಸೊಂಟದ ಮಟ್ಟಕ್ಕೆ, ಮೊಣಕಾಲ ಮಟ್ಟಕ್ಕೆ. ಸದ್ದು ಸಣ್ಣದಾಯಿತು. ಸ್ಕೀ ಹಿಮ ಮುಟ್ಟಿದ್ದು ಬಟ್ಟೆ ಹಾಸಿದಷ್ಟು ಮೆತ್ತಗೆ. ಉದ್ದಕ್ಕೆ ಎರಡು ಗೆರೆ ಎಳೆದುಕೊಂಡು ಬಂದು, ನನ್ನನ್ನು ದಾಟಿ ಸ್ವಲ್ಪ ದೂರದಲ್ಲಿ ನಿಂತಿತು. ಎಲ್ಲೂ ಒಂದು ಚೂರು ಮುಕ್ಕಾಗಲಿಲ್ಲ.

ನಾನು ಚಪ್ಪಾಳೆ ತಟ್ಟಬೇಕಿತ್ತು. ಕೈ ಏಳಲಿಲ್ಲ. ಲಕ್ಷ್ಮೀಶ ನಿಧಾನ ನಡೆದು ಬಂದ. ಇಬ್ಬರೂ ಅದನ್ನು ನೋಡುತ್ತ ನಿಂತೆವು.

"ಅಣ್ಣ ಇಲ್ದೇನೂ ಇಳೀತಲ್ಲ ಅತ್ತಿಗೆ" ಅಂದ.

"ಇಳೀತು."

"ನಿಮ್ಗೆ ಖುಷಿ ಆಯ್ತಾ?"

"ನಿನಗ?"

ತಲೆ ಅಲ್ಲಾಡಿಸಿದ. "ಇಳೀಬಾರದಿತ್ತು ಅನ್ನಿಸ್ತಿದೆ" ಅಂದ. ಬಾಯಿಗೆ ಕೈಗವಸು ಒತ್ತಿಕೊಂಡು ಅತ್ತುಬಿಟ್ಟ. ಮಣ್ಣು ಮಾಡಿದ ದಿನವೂ ಅವನು ಅತ್ತಿರಲಿಲ್ಲ. ನಾನು ಅವನ ಬೆನ್ನಿನ ಮೇಲೆ ಕೈ ಇಟ್ಟೆ. "ನನಗೂ ಹಂಗ ಅನಸ್ತೈತಿ ತಮ್ಮಾ" ಅಂದೆ.

ಹಾಗೆ ನಿಂತದ್ದೇ ತಪ್ಪಾಯಿತು. ಇಳಿದ ವಿಮಾನವನ್ನು ಹಿಮದ ಮೇಲೆ ಬಿಡಬಾರದು. ಸ್ಕೀಯನ್ನು ಹಿಮ ಹಿಡಿದುಕೊಳ್ಳುತ್ತದೆ. "ಎತ್ತ್ರಿ, ಎತ್ತ್ರಿ!" ಎಂದು ಓಡುತ್ತಿದ್ದವರು ನಮ್ಮವರು. ಲಕ್ಷ್ಮೀಶ ಎತ್ತಲು ಹೋದರೆ ಅದು ಅಲ್ಲಾಡಲೇ ಇಲ್ಲ. ಜೋರು ಮಾಡಿದರೆ ಸ್ಕೀ ಕಟ್ಟಿದ ಕಾಲು ಮುರಿಯುತ್ತದೆ. ಕಾರಿಗೆ ಹೋಗಿ ಥರ್ಮಾಸು ತಂದೆ. ಬೆಳಗ್ಗೆ ಎದ್ದು ರೂಢಿಯಂತೆ ಮೂವರಿಗೆ ಚಹಾ ಮಾಡಿದ್ದೆ. ಇಬ್ಬರೂ ಒಂದೊಂದು ಕಪ್ಪು ಕುಡಿದೆವು. ಉಳಿದದ್ದನ್ನು ಲಕ್ಷ್ಮೀಶ ಸ್ಕೀಗಳ ಸುತ್ತ ಸುರಿದ. ಹಬೆ ಎದ್ದಿತು. ಬೆಳ್ಳನೆಯ ಹಿಮದಲ್ಲಿ ಕಂದು ಕಲೆಯಾಯಿತು. ವಿಮಾನ ಬಿಟ್ಟುಕೊಂಡಿತು.

ಮನೆಗೆ ಬಂದು ಗ್ಯಾರೇಜಿನಲ್ಲಿ ರೆಕ್ಕೆ ಬಿಚ್ಚತೊಡಗಿದ. ಮುಕ್ಕಾಗದೆ ಬಂದದ್ದನ್ನು ನೋಡಿ ಐಶ್ವರ್ಯಾಳ ಸಿಟ್ಟು ಇಳಿದಿತ್ತು. "ಅಂಕಲ್, ಬಿಚ್ಚಬೇಡಿ. ಎರಡೂ ಇಲ್ಲೇ ಇರ್ಲಿ. ಸೇಫ್ ಆಗಿರುತ್ತೆ" ಅಂದಳು.

"ಬೇಡಮ್ಮ" ಅಂದ ಲಕ್ಷ್ಮೀಶ. "ಎರಡೂ ಇಲ್ಲೇ ಇದ್ರೆ, ನಾನು ಬರೋಕೆ ಏನಿದೆ?"

ಮರುದಿನ ಬೆಳಗ್ಗೆ ರೆಕ್ಕೆಯನ್ನು ಹಳೆಯ ಕೌದಿಯಲ್ಲಿ ಸುತ್ತಿ, ಹಿಂದಿನ ಸೀಟಿನ ಮೇಲೆ ಅಡ್ಡ ಇಟ್ಟುಕೊಂಡು ಹೋದ.

ಈಗ ರವಿವಾರ ಫೋನು ಮಾಡುತ್ತಾನೆ. ಮೊದಲೆಲ್ಲ ನಮ್ಮವರ ಜೊತೆ ತಾಸುಗಟ್ಟಲೆ ಮಾತು. ನನಗೆ ಸ್ಕ್ರೂ, ಮೋಟರು ಏನು ತಿಳಿಯುತ್ತದೆ?

"ರೆಕ್ಕೆ ಹಾಸಿಗೆ ಕೆಳಗಿದೆ ಅತ್ತಿಗೆ" ಅನ್ನುತ್ತಾನೆ.

"ಒಡಲು ಗ್ಯಾರೇಜಿನಾಗ ಐತಿ ತಮ್ಮಾ" ಅನ್ನುತ್ತೇನೆ.

ಮಾತು ಅಷ್ಟೇ, ಆದರೂ ಫೋನು ಯಾರೂ ಇಡುವುದಿಲ್ಲ.