ಭೈರ್ಯಾನ ಕೊರಳಪಟ್ಟಿ

ಐನಾಪುರದ ಕುರಿಗಾರ ಅಮೃತಪ್ಪನಿಗೆ ಅಜ್ಜನಿಂದ ಬಂದ ಆಸ್ತಿ ಎರಡು: ಒಂದು ಕುರಿಹಿಂಡು, ಇನ್ನೊಂದು ಮಲ್ಲಯ್ಯನ ಮೇಲಿನ ಭಕ್ತಿ. ಎರಡನ್ನೂ ಅವನು ಒಂದೇ ಕಂಬಳಿಯ ಮರೆಯಲ್ಲಿ ಕಾಪಾಡಿಕೊಂಡು ಬಂದಿದ್ದ. ದೇವರ ಅರಿಸಿನದ ಹುಡಿ, ಅಂದರೆ ಭಂಡಾರ, ತುಂಬಿದ ಸಣ್ಣ ಚೀಲ ಅವನ ಕೊರಳಿನಿಂದ ಇಳಿದುದನ್ನು ಊರವರು ಕಂಡಿರಲಿಲ್ಲ. ರವಿವಾರ ಮುಂಜಾನೆ ಕುರಿಗಳ ಹಣೆಗೆಲ್ಲ ಭಂಡಾರ ಮುಟ್ಟಿಸುವನು. ಕೊನೆಯ ಚಿಟಿಕೆ ನಾಯಿ ಭೈರ್ಯಾನ ಹಣೆಗೆ.

ಭೈರ್ಯಾ ನೋಡಲು ಏನೂ ಚೆಂದವಿರಲಿಲ್ಲ. ಬೂದು ಮೈ, ಹರಿದ ಒಂದು ಕಿವಿ. ಆದರೆ ಹಿಂಡಿನಲ್ಲಿ ಮರಿಯೊಂದು ಹಿಂದೆ ಬಿದ್ದರೆ ತಾನೂ ಹಿಂದುಳಿದು, ಬೊಗಳದೆ, ಮೂತಿಯಿಂದ ಮೆಲ್ಲಗೆ ನೂಕುತ್ತ ತಾಯಿಯ ಬಳಿ ಸೇರಿಸುತ್ತಿತ್ತು. ಒಮ್ಮೆ ಅಮೃತಪ್ಪ ಚಳಿಜ್ವರ ಬಂದು ಅಡವಿಯಲ್ಲಿ ಬಿದ್ದುಕೊಂಡಾಗ, ಹಿಂಡನ್ನು ಮನೆ ಮುಟ್ಟಿಸಿ, ಅವನ ಹೆಂಡತಿ ಪೀರಮ್ಮನ ಸೆರಗು ಕಚ್ಚಿ ಎಳೆದುಕೊಂಡು ಹೋದದ್ದು ಅದೇ.

ಅದರ ಕೊರಳಿಗೆ ದಪ್ಪ ತೊಗಲಿನ ಪಟ್ಟಿ. ಪಟ್ಟಿಯ ಸುತ್ತ ಕಬ್ಬಿಣದ ಮುಳ್ಳುಗಳು. ತೋಳ ಮೊದಲು ಬಾಯಿ ಹಾಕುವುದು ನಾಯಿಯ ಗಂಟಲಿಗೆ. ಮುಳ್ಳು ಚುಚ್ಚಿದರೆ ಬಿಡಲೇಬೇಕು. ಚಿಂಚೋಳಿಯ ಕಮ್ಮಾರ ಗುಲಾಮ ದಸ್ತಗೀರ ಮಾಡಿಕೊಟ್ಟ ಪಟ್ಟಿ ಅದು. ವರ್ಷಕ್ಕೊಮ್ಮೆ, ಮಲ್ಲಯ್ಯನ ಹಬ್ಬವಾದ ಚಂಪಾಷಷ್ಠಿಯಂದು ಮಾತ್ರ ಅದನ್ನು ಬಿಚ್ಚುತ್ತಿದ್ದರು. ನಾಯಿ ಮಲ್ಲಯ್ಯನ ಸಂಗಾತಿ; ಆ ದಿನ ಅದೇ ದೇವರು; ದೇವರ ಕೊರಳಿಗೆ ಕಬ್ಬಿಣ ಸಲ್ಲದೆಂಬುದು ಅಮೃತಪ್ಪನ ಮನೆತನದ ನೇಮ. ನಾಯಿಯನ್ನು ಮೀಯಿಸಿ, ಭಂಡಾರ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಸಜ್ಜೆರೊಟ್ಟಿ, ಬದನೆಕಾಯಿಯ ಮೊದಲ ಎಡೆಯನ್ನು ಅದಕ್ಕೇ ಬಡಿಸುವರು. ಮತ್ತೆ ಪಟ್ಟಿ ಕಟ್ಟುವುದು ಮರುದಿನ ಸೂರ್ಯ ಮೂಡಿದ ಮೇಲೆಯೇ.

ರಾಜ್ಯಕ್ಕೆ ಕರ್ನಾಟಕವೆಂದು ಹೊಸ ಹೆಸರು ಬಂದ ವರ್ಷ. ಆ ಚಳಿಗಾಲ ಚಂದ್ರಂಪಳ್ಳಿಯ ಅಡವಿಯ ಕಡೆಯಿಂದ ತೋಳಗಳು ಊರ ಹೊಲಗಳವರೆಗೂ ಬರತೊಡಗಿದ್ದವು. ಚಂಪಾಷಷ್ಠಿಯ ದಿನ ಹೊತ್ತು ಮುಳುಗುವಾಗ ಕುರಿದೊಡ್ಡಿಯ ಬೇಲಿ ಹಾರಿ ತೋಳವೊಂದು ಒಳಗೆ ಬಂತು. ಭೈರ್ಯಾ ಹೂಮಾಲೆಯಲ್ಲೇ ಎದುರು ಬಿತ್ತು. ಅಮೃತಪ್ಪ ಕೊಡಲಿ ಹಿಡಿದು ಓಡಿ ಬರುವಷ್ಟರಲ್ಲಿ ತೋಳ ಕಾಲ್ತೆಗೆದಿತ್ತು. ಕುರಿ ಒಂದೂ ಹೋಗಿರಲಿಲ್ಲ. ಗಂಟಲು ಹರಿದ ಭೈರ್ಯಾ ಒಡೆಯನ ತೊಡೆಯ ಮೇಲೆ ತಲೆಯಿಟ್ಟು, ಬಾಲವನ್ನು ಒಮ್ಮೆ ನೆಲಕ್ಕೆ ಬಡಿದು, ಕಣ್ಣು ಮುಚ್ಚಿತು.

ಅಮೃತಪ್ಪ ಬೇವಿನ ಗಿಡದ ಬುಡದಲ್ಲಿ ಕುಣಿ ತೋಡಿ, ತನ್ನ ಕಂಬಳಿಯನ್ನೇ ಹೊದಿಸಿ ಮಣ್ಣು ಮಾಡಿದ. ಮನೆಗೆ ಬಂದವನು ಕೊರಳಿನ ಭಂಡಾರದ ಚೀಲ ತೆಗೆದು, ಕೊರಳಪಟ್ಟಿ ತೂಗುತ್ತಿದ್ದ ಗೂಟಕ್ಕೇ ಹಾಕಿದ.

"ನನ್ನ ಕೈಲೇ ಬಿಚ್ಚಿಸಿದಿ, ಮಲ್ಲಯ್ಯ. ಇನ್ನ ಈ ಕೈ ನಿನ್ನ ಭಂಡಾರ ಮುಟ್ಟಂಗಿಲ್ಲ."

ರವಿವಾರಗಳು ಬಂದವು, ಹೋದವು. ಕುರಿಗಳ ಹಣೆ ಬರಿದಾಗಿಯೇ ಉಳಿಯಿತು. "ಅಮೃತಪ್ಪ ನಾಯಿ ಸೂತಕ ಹಿಡದಾನ" ಎಂದು ಕಟ್ಟೆಯ ಮೇಲೆ ನಕ್ಕರು. ಪೀರಮ್ಮ ತವರಿನಿಂದ ನಾಯಿಮರಿಯೊಂದನ್ನು ತಂದರೆ ಅವನು ಕಣ್ಣೆತ್ತಿಯೂ ನೋಡಲಿಲ್ಲ. ದೊಡ್ಡಿಯನ್ನು ತಾನೇ ಕಾದ. ಆದರೂ ತೋಳ ಎರಡು ಮರಿಗಳನ್ನು ಒಯ್ದಿತು. ಅವನ ಎದೆಗೆ ಕೆಮ್ಮು ಕೂತಿತು.

"ಹಿಂಗಾದ್ರ ಹಿಂಡೂ ಉಳಿಯಂಗಿಲ್ಲ, ನೀವೂ ಉಳಿಯಂಗಿಲ್ಲ," ಎಂದಳು ಪೀರಮ್ಮ. "ಪಟ್ಟಿ ನೀವು ಬಿಚ್ಚೀರಿ, ಖರೇ. ಕಾಯೋ ಕೆಲಸ ಭೈರ್ಯಾ ಬಿಚ್ಚಿ ಇಟ್ಟಿತ್ತೇನ್ರಿ?"

"ಅದಕ್ಕೇ ಎದಿ ಉರೀತದ, ಪೀರಾ. ನಂಬಿ ಕೊರಳು ಕೊಟ್ಟಿತ್ತು ಅದು."

ಮರುದಿನ ಅವನು ಪಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ಚಿಂಚೋಳಿಗೆ ನಡೆದ. ಕಣ್ಣಿಗೆ ಬೀಳದಂತೆ ಅದನ್ನು ಇಲ್ಲವಾಗಿಸಬೇಕೆಂಬುದು ಅವನ ಮನಸ್ಸು.

"ಇದರಾಗಿನ ಕಬ್ಬಿಣ ತಗದು ಕಳೆ ತಗಿಯೋ ಒಂದು ಖುರ್ಪಿ ಮಾಡಿಕೊಡು, ದಸ್ತಗೀರಸಾಬ್."

"ಖುರ್ಪಿಗಿ ನನ್ನ ಬಲ್ಲಿ ಕಬ್ಬಿಣ ಬೇಕಾದಷ್ಟು ಬಿದ್ದದ," ಎಂದು ದಸ್ತಗೀರ ತಿದಿ ಬಿಟ್ಟು ಎದ್ದ. "ಕುಂದ್ರು ಮೊದಲು. ನಾಯಿಗಿ ಏನಾತು?"

ಅಮೃತಪ್ಪ ಎಲ್ಲವನ್ನೂ ಹೇಳಿದ. ದಸ್ತಗೀರ ಪಟ್ಟಿಯನ್ನು ಕೈಯಲ್ಲಿ ತಿರುಗಿಸುತ್ತ ಒಂದೊಂದೇ ಮುಳ್ಳನ್ನು ಮುಟ್ಟಿ ನೋಡಿದ.

"ನಾ ನಿಮ್ಮ ನೇಮ ತಿಳದಾವಲ್ಲ. ಒಂದು ಕೇಳ್ತೀನಿ, ಬೈಬ್ಯಾಡ. ನಿಮ್ಮೂರ ಗುಡಿಯಾಗ ಮಲ್ಲಯ್ಯನ ಕೈಯಾಗಿರೋ ಖಡ್ಗಕ್ಕ ವರ್ಷಾ ನಾನೇ ಸಾಣಿ ಹಿಡೀತೀನಿ. ಹಬ್ಬದ ದಿನ ಅದನ್ನ ಕಸಗೊಂಡು ಪೂಜಾ ಮಾಡ್ತೀರೇನು?"

"ಹುಚ್ಚೇನೋ ನಿನಗ? ಖಡ್ಗ ಇಲ್ದ ಮಲ್ಲಯ್ಯ ಹೆಂಗಾಗ್ತಾನ?"

ಹೇಳುತ್ತಲೇ ಅವನ ಕಣ್ಣು ದಸ್ತಗೀರನ ಕೈಯಲ್ಲಿದ್ದ ಪಟ್ಟಿಯ ಮೇಲೆ ಬಿತ್ತು. ಕರುಣಾಳುವಾದ ದೇವರು ಆ ದಿನ ಕುಲುಮೆಯ ಹೊಗೆಯೊಳಗಿಂದಲೇ ಮಾತಾಡಿದನೆಂದು ನಂಬಬೇಕು. ಕಾಯುವವನ ಕಬ್ಬಿಣವನ್ನು ದೇವರು ಎಂದೂ ಬೇಡವೆಂದಿರಲಿಲ್ಲ. ಬೇಡವೆಂದವರು ಮನುಷ್ಯರು, ಅದೂ ಪ್ರೀತಿಯಿಂದ, ಅರಿಯದೆ. ನಾಯಿ ಸತ್ತಂದಿನಿಂದ ಒಣಗಿದ್ದ ಅಮೃತಪ್ಪನ ಕಣ್ಣುಗಳು ತುಂಬಿ ಹರಿದವು. ದಸ್ತಗೀರ ತಿದಿಯ ಕಡೆ ಮುಖ ತಿರುಗಿಸಿ ಅವನಿಗೆ ಅಳಲು ಬಿಟ್ಟ.

"ಒಂದೆರಡು ಮುಳ್ಳು ಬಾಗ್ಯಾವ," ಎಂದ ಅಮೃತಪ್ಪ ಕೊನೆಗೆ, ಮೂಗೊರೆಸಿಕೊಳ್ಳುತ್ತ. "ನೆಟ್ಟಗ ಮಾಡಿಕೊಡು."

"ಖುರ್ಪಿ ಬ್ಯಾಡೇನು ಮತ್ತ?"

"ಸುಮ್ಮ ಬಡಿಯೋ, ಮಾರಾಯ."

ಮುಂದಿನ ಚಂಪಾಷಷ್ಠಿಗೆ ಪೀರಮ್ಮ ತಂದ ಮರಿ ಆಳೆತ್ತರಕ್ಕೆ ನೆಗೆಯುವ ನಾಯಿಯಾಗಿತ್ತು. ಅಮೃತಪ್ಪ ಅದನ್ನು ಮೀಯಿಸಿ, ಮೊದಲು ಪಟ್ಟಿಯ ಒಂದೊಂದು ಮುಳ್ಳಿಗೂ ಭಂಡಾರ ಹಚ್ಚಿ, ಕೈಮುಗಿದು, ಅದರ ಕೊರಳಿಗೆ ಬಿಗಿದ. ಅವನ ಕೊರಳಲ್ಲಿ ಮತ್ತೆ ಚೀಲವಿತ್ತು.

"ಹಬ್ಬದ ದಿನ ಕಬ್ಬಿಣೇನೋ?" ಎಂದ ಹಿರಿಯ ಕಾಶಪ್ಪ.

"ಮಲ್ಲಯ್ಯನ ಕೈಯಾಗೂ ಅದ, ಕಾಕಾ."

ಕಾಶಪ್ಪ ಗುಡಿಯ ಕಡೆ ನೋಡಿದ. ಅಮೃತಪ್ಪ ಪಟ್ಟಿಯ ಮೇಲೆಯೇ ಮಾಲೆ ಹಾಕಿದ. ಚೆಂಡುಹೂಗಳು ಮುಳ್ಳಿಗೆ ಸಿಕ್ಕಿ ಅಲ್ಲಲ್ಲೇ ನಿಂತವು. ಆಮೇಲೆ ಮೊದಲ ಎಡೆಯಲ್ಲಿ ಒಂದು ತುತ್ತು ಮುರಿದುಕೊಂಡು, ಬೇವಿನ ಗಿಡದ ಕಡೆ ನಡೆದ. ಹೊಸ ನಾಯಿ ತನ್ನ ಎಡೆ ಬಿಟ್ಟು ಅವನ ಹಿಂದೆಯೇ ಹೋಯಿತು.